ಟಂಟಂ ಹಿಂದ ಕುಂತು ನೋಡಿದ ರೋಡು

ಟಂಟಂದಾಗ, ಅದ ಮೂರು ಗಾಲಿ ಬಾಡಿಗಿ ಗಾಡಿಯೊಳಗ, ಕುಂತವರು ಎಲ್ಲಾರೂ ಮುಂದಿನ ಊರು ಯಾವಾಗ ಬರತೈತಿ ಅಂತ ಮುಂದ ನೋಡತಾರ. ನಾ ಹಿಂದಿನ ಡಿಕ್ಕಿಯೊಳಗ, ಡ್ರೈವರಿಗೆ ಬೆನ್ನು ಮಾಡಿ, ಕಾಲು ಹೊರಗ ಇಳಿಬಿಟ್ಟು ಕುಂಡರತಿದ್ದೆ. ಹಿಂಗಾಗಿ ಇಳಕಲ್ಲದಿಂದ ಹುನಗುಂದ, ಅಮೀನಗಡ, ಶಿರೂರು ದಾಟಿ ಬಾಗಲಕೋಟಿ ತನಕ ರೋಡು ನನಗ ಚಂದಂಗ ಗೊತ್ತು, ಆದ್ರ ಹಿಂದ ಸರಿಯೂ ರೋಡು ಅಷ್ಟ. ಊರು ಬಂತು ಅಂತ ನನಗ ತಿಳಿಯೂದು ಊರು ದಾಟಿದ ಮ್ಯಾಲ.

ಡ್ರೈವರು ಅಂದ್ರ ನನ್ನ ಗಂಡ. ಮೊಮ್ಮಗಳ ಬಾಯಾಗ ಅವರು ಮುತ್ಯಾ, ನಾ ಆಯಿ; ನನಗೂ ಅವರು ಮುತ್ಯಾನ. ಗಾಡಿ ನಮ್ಮದ. ಇಳಕಲ್ಲದಾಗ ನೂಲಿನ ಗಂಟು, ಸೀರಿ ಗಂಟು, ಮಂದಿ, ಏನ ಸಿಕ್ರೂ ಹೇರತಾರ. ರವಿವಾರ, ಸೂಟಿ ದಿನ ಮಾತ್ರ ಯಾರೂ ಹತ್ತಂಗಿಲ್ಲ. ಆ ದಿನ ಮುಂದ ನಮ್ಮ ಮೊಮ್ಮಗಳು ರೇಸ್ ಸೈಕಲ್ ತುಳಕೋತ ಹೊಂಟಿರತಿದ್ಲು, ಅಕಿ ಹಿಂದ ಟಂಟಂ, ಟಂಟಂ ಹಿಂದ ನಾ. ನನ್ನ ಕೈಯಾಗ ಒಂದು ಕೋಲು, ಕೋಲಿಗೆ ಕೆಂಪು ಅರಿವಿ. ಲಾರಿನೋ ಕಬ್ಬಿನ ಟ್ರ್ಯಾಕ್ಟರೋ ಬಂತು ಅಂದ್ರ ಕೋಲು ಎತ್ತಿ ಬೀಸತಿದ್ದೆ. ಸಾವಕಾಶ ಬರ್ರಿ, ದೂರ ಸರದು ಹೋಗ್ರಿ, ಮುಂದ ಕೂಸು ಐತಿ ಅಂತ ಅದರ ಅರ್ಥ.

ನಾ ಸಾಲಿ ಕಲತಾಕಿ ಅಲ್ಲ. ಮೂರನೇತ್ತೆಗೆ ಬಿಡಿಸಿ ಮಗ್ಗದ ಮನಿಯೊಳಗ ಕುಂಡರಿಸಿದ್ರು. ಅಕ್ಷರ ಕೂಡಿಸಿ ಕೂಡಿಸಿ ಬರಿಯಾಕ ಬರತೈತಿ, ಅಷ್ಟ. ಆದ್ರ ಈ ಮಾತು ಹೊಟ್ಟಿಯೊಳಗ ಇಟಗೊಂಡು ಕುಂಡರೂದು ಆಗವಲ್ಲದು. ಓಣಿ ಮಂದಿಗೆ ಹೇಳಿ ಹೇಳಿ ಅವರಿಗೂ ಸಾಕಾಗೇತಿ. ನಾ ಬಾಗಲಾಗ ಬಂದ್ರ ಸಾಕು, "ಬಂತವ್ವ ಸೈಕಲ್ ಪುರಾಣ" ಅಂತ ಒಳಗ ಹೋಗತಾರ. ಹೋಗಲಿ. ಅವರಿಗೆ ಏನ ಗೊತ್ತು.

ನಮಗ ಒಬ್ಬನ ಮಗ ಇದ್ದ. ಈ ಕೂಸು ಇನ್ನೂ ಸಣ್ಣದು, ಸಾಲಿಗೆ ಹೋಗಾಕ ಹತ್ತಿದ್ದು ಆಗಷ್ಟ. ಒಂದಿನ ಅಪ್ಪ ಮಗಳು ಮೋಟಾರ್ ಸೈಕಲ್ ಮ್ಯಾಲ ಬಾದಾಮಿಗೆ ಹೋಗಿ, ಬನಶಂಕರಿಗೆ ಕಾಯಿ ಒಡಿಸಿಕೊಂಡು, ಕುಳಗೇರಿ ಕ್ರಾಸಿಗೆ ಬೀಗರ ಮನಿಗೆ ಹೊಂಟಿದ್ರು. ಸೊಸಿ ಮೊದಲ ತವರಿಗೆ ಹೋಗಿದ್ಲು, ರೊಟ್ಟಿ ಬಡದು ದಾರಿ ಕಾಯಾಕ ಹತ್ತಿದ್ಲು. ಮಗಳನ್ನ ಮುಂದ ಪೆಟ್ರೋಲ್ ಟಾಕಿ ಮ್ಯಾಲ ಕುಂಡರಿಸಿಕೊಂಡಿದ್ದ. ಕ್ರಾಸ್ ಇನ್ನೂ ಸ್ವಲ್ಪ ದೂರ ಇರೂ ಹೊತ್ತಿಗೆ ಒಂದು ಇಳಿಜಾರ ಐತಿ. ಅಲ್ಲಿ ಹಿಂದಿನಿಂದ ಲಾರಿ ಬಂತು. ಬಾಜೂಕ ಹಾದು ಹೋಗೂವಾಗ ಅದರ ಹಿಂದಿನ ಗಾಲಿ ನನ್ನ ಮಗನ್ನ ಎಳಕೊಂತು. ಲಾರಿ ಮ್ಯಾಲ ಇದ್ದದ್ದು ನಮ್ಮ ಇಳಕಲ್ಲದ ಕೆಂಪು ಕಲ್ಲು. ನಮ್ಮೂರ ನೆಲದಾಗಿಂದ ಕಡದು ತೆಗದ ಕಲ್ಲು.

ಕೂಸು ಹಾರಿ ಜ್ವಾಳದ ಹೊಲದಾಗ ಬಿದ್ದಿತ್ತು. ಮೈಮ್ಯಾಲ ಒಂದು ಗೀರು ಇರಲಿಲ್ಲ. ಬೆಳಿ ಎತ್ತರ ಬಂದಿತ್ತಂತ, ಹುಡುಕಿದವರಿಗೆ ಸಿಗಲಿಲ್ಲಂತ. ಆಮ್ಯಾಲ ಯಾರೋ ದಂಟು ಅಲುಗಿದ್ದು ನೋಡಿ ಒಳಗ ಹೋದ್ರ, ಅಕಿ ಎರಡೂ ಕೈಯಿಂದ ಕಿವಿ ಮುಚಗೊಂಡು ಕುಂತಿದ್ಲು. ಅಳತಿದ್ದಿಲ್ಲ.

ಅವತ್ತಿನಿಂದ ಹಿಂದ ಲಾರಿ ಸಪ್ಪಳ ಆದ್ರ ಈ ಹುಡುಗಿ ಇದ್ದಲ್ಲೇ ಕಲ್ಲಾಗತಿದ್ಲು. ಓಣಿಯೊಳಗ ನೀರಿನ ಟ್ಯಾಂಕರ್ ಬಂದ್ರೂ ಗ್ವಾಡಿಗೆ ಅಂಟಿ ನಿಲ್ಲಾಕಿ. ನಾನೂ ಮುತ್ಯಾನೂ ಆ ಇಳಿಜಾರಿನ ದಾರಿ ಬಿಟ್ಟಬಿಟ್ವಿ. ಬೀಗರ ಮನಿಗೆ ಹೋಗೂದು ಬಂದ್ರ ಸುತ್ತು ಹಾಕಿ ಬ್ಯಾರೆ ದಾರಿ ಹಿಡದು ಹೋಗತಿದ್ವಿ. ಯಾಕ ಸುತ್ತು ಅಂತ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಇಂಥಾ ಕೂಸು ಸೈಕಲ್ ಹಿಡದದ್ದು ಹ್ಯಾಂಗ ಅಂತೀರಿ? ಹೈಸ್ಕೂಲಿನ್ಯಾಗ ಎಲ್ಲಾ ಹುಡುಗ್ಯಾರಿಗೂ ಸೈಕಲ್ ಕೊಟ್ರು. ಅಕಿ ದೊಡ್ಡ ರೋಡಿಗೆ ಹೋಗತಿದ್ದಿಲ್ಲ. ಹೊಲದ ನಡುವಿನ ಬಂಡಿ ದಾರಿ ಹಿಡದು, ಸುತ್ತು ಬಿದ್ರೂ ಅಲ್ಲಿಂದನ ಹೋಗಾಕಿ. ಸುತ್ತು ಬೀಳತೈತಲ್ಲ, ಸಾಲಿ ಗಂಟಿ ಬಾರಿಸಿಬಿಡತೈತಿ, ಅದಕ್ಕ ಹುಚ್ಚರಂಗ ತುಳಿಯಾಕಿ. ಅಂಜಿಕಿಯೊಳಗ ತುಳದು ತುಳದು ಕಾಲು ಬಲತು. ಆಟದ ಮಾಸ್ತರು ಅದನ್ನ ನೋಡಿ ತಾಲೂಕಿಗೆ ಕರಕೊಂಡು ಹೋದ್ರು, ಜಿಲ್ಲಾಕ್ಕ ಕರಕೊಂಡು ಹೋದ್ರು. ಕಡಿಗೆ ಟಗರಿನ ಕೋಡಿನಂಗ ಹ್ಯಾಂಡಲ್ ಬಾಗಿದ ಸೈಕಲ್ ಒಂದು ಮನಿ ಬಾಗಲಿಗೆ ಬಂದು ನಿಂತಿತು. ಬೆರಳಿನಷ್ಟ ದಪ್ಪ ಟಾಯರು. ನಾ ಕೈಯಾಗ ಎತ್ತಿ ನೋಡಿದೆ, ಎಳೀ ಕುರಿಮರಿ ಎತ್ತಿದಂಗ ಆತು.

ಸೊಸಿ ಮಗ್ಗದಾಗಿಂದ ಏಳದನ ಹೇಳಿದ್ಲು. "ಅತ್ತಿ, ಅಕಿ ಹೋಗೂವಾಗ ನನಗ ಹೇಳಬ್ಯಾಡ್ರಿ. ಬಂದ ಮ್ಯಾಲ ಬಂದ್ಲು ಅಂತ ಹೇಳ್ರಿ. ನಡುವ ಏನೂ ನನಗ ಬ್ಯಾಡ."

ಈಗಲೂ ಹಂಗ ನಡದೈತಿ. ಕೂಸು ತಿರುಗಿ ಮನಿ ಮುಟ್ಟಿದ ಮ್ಯಾಲ ನಾ ಮಗ್ಗದ ಮನಿ ಬಾಗಲಾಗ ನಿಂತು "ಬಂದ್ಲು" ಅಂತೀನಿ. ಅಲ್ಲಿ ತನಕ ಒಳಗ ಮಗ್ಗದ ಸಪ್ಪಳ ಒಂದ ಸವನ ನಡದಿರತೈತಿ. "ಬಂದ್ಲು" ಅಂದ ಮ್ಯಾಲ ಸ್ವಲ್ಪ ನಿಲ್ಲತೈತಿ.

ಅಕಿ ದೊಡ್ಡ ರೋಡಿಗೆ ಇಳೀಲೇಬೇಕಾತು, ರೇಸು ಅಂದ್ರ ಬಂಡಿ ದಾರಿಯೊಳಗ ಆಗಂಗಿಲ್ಲ. ಆಗ ಟಂಟಂ ಹಿಂದ ಹಾಕೂ ವಿಚಾರ ಮುತ್ಯಾಂದು. "ನಾ ಹಿಂದ ಬರತೇನಿ. ಲಾರಿ ಬಂದ್ರ ಮೊದಲ ನನಗ ಬಡೀಬೇಕು, ಆಮ್ಯಾಲ ನಿನಗ," ಅಂದ್ರು. ನಾ ಮನಿಯೊಳಗ ಕುಂತು ಏನ ಮಾಡಲಿ? ಹಳೇ ಸೀರಿ ಒಂದು ಹರದಿತ್ತು. ಅದರ ಸೆರಗು, ಟೋಪ ಸೆರಗು ಅಂತೀವಿ, ರೇಶ್ಮಿದು, ಇನ್ನೂ ಕೆಂಪಗ ಕೆಂಡದಂಗ ಇತ್ತು. ಅಷ್ಟ ಕತ್ತರಿಸಿ ಕೋಲಿಗೆ ಕಟ್ಟಿದೆ. ಬಾಜೂ ಮನಿ ಮುದುಕಿ ಬೈದ್ಲು ನನಗ. "ಮುತ್ತೈದಿ ಆಗಿ ಟೋಪ ಸೆರಗು ಕತ್ತರಸ್ತಿಯೇನ ನೀ? ಬುದ್ಧಿಗಿದ್ಧಿ ಐತೇನು?" ಬುದ್ಧಿ ಇಲ್ಲಬೇ ನನಗ, ಮೊಮ್ಮಗಳು ಅದಾಳ ಅಂದೆ.

ರೋಡಿನ ಮ್ಯಾಲ ನಮ್ಮನ್ನ ನೋಡಿ ನಗಲಾರದವರ ಇಲ್ಲ. ಶಿರೂರಾಗ ನಮ್ಮ ಸಂಬಂಧಿಕರ ಹೋಟೆಲ್ ಐತಿ, ಅವರು ಕಟ್ಟಿ ಮ್ಯಾಲ ಕುಂತು ಕೂಗತಿದ್ರು. "ಏ ಬಂತ್ರೋ ಮೆರವಣಿಗಿ! ಮುಂದ ಮದಿಮಗಳು, ಹಿಂದ ಬ್ಯಾಂಡು!" ಒಬ್ಬ ಲಾರಿ ಹುಡುಗ ಕಿಡಕಿಯೊಳಗಿಂದ ಮಾರಿ ಹಾಕಿ, "ಆಯಿ, ರೈಲ್ವೆದಾಗ ಕೆಲಸ ಸಿಕ್ತೇನ? ಝಂಡಾ ಹಿಡದಿ?" ಅಂದ. "ನಿನ್ನ ಲಾರಿ ನಿಂದ್ರಸ, ಪಗಾರ ಎಷ್ಟ ಅಂತ ಹೇಳತೇನಿ," ಅಂದೆ ನಾ. ಆದ್ರ ಸಾವಕಾಶ ಮಾಡಿದ, ಸರದು ಹೋದ. ನಗಲಿ ಬಿಡ್ರಿ. ಸರದು ಹೋದ್ರ ಸಾಕಿತ್ತು.

ಮುಂದ ನೋಡಾಕಿಗೆ ಬರೂದು ಕಾಣತೈತಿ, ಹಿಂದ ನೋಡಾಕಿಗೆ ತಪ್ಪಿಸಿಕೊಂಡದ್ದು ಕಾಣತೈತಿ. ಒಡದ ಗಾಜು, ಒಂಟಿ ಚಪ್ಪಲಿ, ರೋಡಿಗೆ ಅಂಟಿ ಒಣಗಿದ ನಾಯಿ. ಅಮೀನಗಡ ದಾಟಿದ ಮ್ಯಾಲ ಒಂದು ಕಡೆ ಕಬ್ಬಿನ ಟ್ರೇಲರ್ ಹೊಳ್ಳಿ ಬಿದ್ದಿತ್ತು, ಅದರ ಬಾಜೂಕ ಯಾವುದೋ ಕೂಸಿನ ಟೊಪ್ಪಿಗಿ. ನಾವು ದಾಟಿ ಬಂದಿದ್ವಿ ಆಗಲೇ, ನನಗ ನೋಡದ ಇರಾಕ ಬರಲಿಲ್ಲ. ಮುಂದ ಹೊಂಟ ನಮ್ಮ ಹುಡುಗಿ ಅದನ್ನ ಎಷ್ಟು ನೋಡಿದ್ಲೋ ಏನೋ. ಕೇಳಲಿಲ್ಲ.

ಬಾಗಲಕೋಟಿ ಹತ್ತರ ಬಂದ್ರ ಡ್ಯಾಮಿನ ಹಿನ್ನೀರು. ಮಳಿಗಾಲ ಮುಗಿದ ಮ್ಯಾಲ ನೋಡಬೇಕು, ಕಣ್ಣು ಹಾಯ್ಸಿದಷ್ಟೂ ನೀರು, ಆ ಕಡೆ ದಂಡಿ ಕಾಣಂಗಿಲ್ಲ. ಸಮುದ್ರ ನಾ ನೋಡಿಲ್ಲ, ಇದ ನನಗ ಸಮುದ್ರ. ಉದ್ದ ಕಾಲಿನ ಗುಲಾಬಿ ಬಣ್ಣದ ಹಕ್ಕಿ ಬಂದು ದಂಡಿಗೆ ನಿಂತಿರತಾವು. ಮೊಮ್ಮಗಳು ಅಲ್ಲಿ ಸೈಕಲ್ ತುಳಿಯೂದಂದ್ರ ಭಾಳ ಇಷ್ಟ ಅಂತಿದ್ಲು, ಗಾಳಿ ಎದಿಗೆ ಬಡೀತೈತಿ ಅಂತ. ನನಗ ಆ ನೀರು ನೋಡಿದ್ರ ಬ್ಯಾರೆ. ನನ್ನ ತವರು ಆ ನೀರಾಗ ಐತಿ. ಕಲಾದಗಿ ಕಡೆ, ಘಟಪ್ರಭಾ ದಂಡಿಗೆ ಇದ್ದ ಸಣ್ಣ ಊರು. ಹಳೇ ಡಾಂಬರ್ ರೋಡು ಒಂದು ಇನ್ನೂ ಹಂಗ ಐತಿ, ಎರಡೂ ಕಡೆ ಬೇವಿನ ಗಿಡ, ಚಂದಂಗ ಹೊಂಟು ಹೋಗಿ ನೀರಾಗ ಇಳದುಬಿಡತೈತಿ. ಕಡೇ ಗಿಡದ ತುದಿ ಅಷ್ಟ ಕಾಣತೈತಿ, ಅದೂ ಒಣಗಿ. ಒಂದು ಸಲ ಮೊಮ್ಮಗಳು ಆ ರೋಡಿನ್ಯಾಗ ಇಳದು, ನೀರು ಗಾಲಿಗೆ ಹತ್ತೂ ತನಕ ಹೋಗಿ ನಿಂತು, "ಆಯಿ, ನಿನ್ನ ಮನಿಗೆ ಇನ್ನೆಷ್ಟ ದೂರ?" ಅಂತ ನಗಚಾಟಿಕಿ ಮಾಡಿದ್ಲು. "ಇನ್ನೊಂದು ಸ್ವಲ್ಪ ಮುಂದ ಹೋಗು, ನಮ್ಮವ್ವ ಬಾಗಲಾಗ ನಿಂತಿರತಾಳ," ಅಂದೆ. ಅಂದ ಮ್ಯಾಲ ನಾಲಿಗಿ ಕಚಗೊಂಡೆ. ಬಾ ಹೊರಗ ಅಂತ ಚೀರಿದೆ.

ಹಿಂಗ ಒಂದೆರಡು ವರ್ಷ ನಡೀತು. ಆಮ್ಯಾಲ ಅಕಿಗೆ ಬಾಗಲಕೋಟಿಯೊಳಗ ಸೈಕಲ್ ಕಲಿಯೂ ಹುಡುಗ್ಯಾರ ಹಾಸ್ಟೆಲಿನ್ಯಾಗ ಸೀಟು ಸಿಕ್ತು. ಊಟ, ಸಾಲಿ, ಸೈಕಲ್ ಎಲ್ಲಾ ಅಲ್ಲೇ. ನಮ್ಮ ಓಣಿಗೆಲ್ಲಾ ಸಕ್ಕರಿ ಹಂಚಿದೆ ನಾ. ಸೂಟಿಗೆ ಊರಿಗೆ ಬಂದಾಗ ಮತ್ತ ಅದ ಮೆರವಣಿಗಿ.

ಒಂದಿನ ಹಾಸ್ಟೆಲಿನಿಂದ ಫೋನ್ ಬಂತು, ಬಂದು ಹೋಗ್ರಿ ಅಂತ. ಹೋದ್ವಿ. ಕೋಚ್ ಸರ್ ಅಂದ್ರ ಇನ್ನೂ ಹರೇದ ಮನಷ್ಯಾ, ಕಟು ಮಾತು, ಆದ್ರ ಕೆಟ್ಟವನಲ್ಲ. ಕುರ್ಚಿ ಹಾಕಿ ಕುಂಡರಿಸಿ ಹೇಳಿದ್ರು.

"ಅಜ್ಜಾರ, ನಿಮ್ಮ ಹುಡುಗಿ ಕಾಲಾಗ ಬಲ ಐತಿ, ಅದರಾಗ ಮಾತಿಲ್ಲ. ಏರಿನ್ಯಾಗ ಯಾರೂ ಅಕಿ ಮುಂದ ನಿಲ್ಲಂಗಿಲ್ಲ. ಆದ್ರ ಹಿಂದ ಲಾರಿ ಬಂತಂದ್ರ ಬ್ರೇಕ್ ಹಿಡೀತಾಳ. ಗುಂಪಿನ್ಯಾಗ ಗಾಲಿಗೆ ಗಾಲಿ ಹತ್ತಿ ಹೊಂಟಿರತಾರ ನೋಡ್ರಿ, ಒಬ್ಬಾಕಿ ಬ್ರೇಕ್ ಹಿಡದ್ರ ಹಿಂದಿನವರು ಎಲ್ಲಿ ಹೋಗಬೇಕು? ಮೊನ್ನೆ ಇಬ್ಬರು ಬಿದ್ರು. ಒಬ್ಬಾಕಿದು ಹೆಗಲಿನ ಎಲುವು ಮುರದೈತಿ."

ನಮ್ಮ ಹುಡುಗಿ ಬಾಗಲ ಹೊರಗ ನಿಂತಿದ್ಲು, ತಲಿ ಬಗ್ಗಿಸಿ.

"ನಾವು ಹಿಂದ ಟಂಟಂ ಹಾಕಿ ಬರತೇವ್ರಿ ಸರ್," ಅಂದ್ರು ಮುತ್ಯಾ. "ಇಲ್ಲೇ ಬಂದು ಇರತೇವಿ ಬೇಕಾದ್ರ. ದಿನಾ ಬರತೇವಿ."

ಸರ್ ನಗಲಿಲ್ಲ. "ಅದರಿಂದನ ಹಿಂಗ ಆಗಿದ್ದು ಅಜ್ಜಾರ. ಕೂಸು ನಿಮ್ಮ ಗಾಡಿ ಮರಿಯೊಳಗ ತುಳದು ಕಲತಾಳ. ಹಿಂದ ಮುತ್ಯಾ ಅದಾನ, ಆಯಿ ಅದಾಳ ಅಂತ ಕಿವಿ ಮುಚಗೊಂಡು ತುಳದಾಳ. ಗಾಡಿ ಇಲ್ಲಂದ್ರ ಕಿವಿ ತೆರೀತೈತಿ. ನೀವು ಪ್ರೀತಿಯಿಂದ ಮಾಡೀರಿ, ಖರೆ. ಆದ್ರ ಇನ್ನ ಬ್ಯಾಡ್ರಿ."

ಮುಂದಿನ ವಾರ ಗುಂಪು ಬಾಗಲಕೋಟಿಯಿಂದ ಬಾದಾಮಿಗೆ ಹೋಗಿ, ಅಲ್ಲಿಂದ ಕುಳಗೇರಿ ಕ್ರಾಸ್ ಮುಟ್ಟಿ ತಿರುಗಿ ಬರತೈತಿ ಅಂದ್ರು. ಗುಂಪಿನ್ಯಾಗ ಇದ್ದು ಪೂರ್ತಿ ಮುಗಿಸಿದ್ರ ಸೀಟು ಉಳೀತೈತಿ. ನಡುವ ಬ್ರೇಕ್ ಹಿಡದು ಮತ್ತೊಬ್ಬರನ್ನ ಬೀಳಿಸಿದ್ಲು ಅಂದ್ರ ಅವತ್ತ ಸಂಜಿಗೆ ಮನಿಗೆ ಕಳಸತೇನಿ, ತಪ್ಪು ತಿಳೀಬ್ಯಾಡ್ರಿ ಅಂದ್ರು. ಕುಳಗೇರಿ ಕ್ರಾಸ್ ಅಂದಾಗ ಮುತ್ಯಾನ ಕೈ ಕುರ್ಚಿ ಹಿಡಕೊಂತು. ಸರ್‌ಗೆ ಆ ದಾರಿ ನಮಗ ಏನ ಅಂತ ಗೊತ್ತಿರಲಿಲ್ಲ. ನಾವು ಹೇಳಲೂ ಇಲ್ಲ. ಹೇಳಿದ್ರ ಕೂಸಿಗೆ ಬ್ಯಾರೆ ದಾರಿ ಕೊಡತಿದ್ರೇನೋ, ಆದ್ರ ಅಕಿ ಬಾಗಲಾಗಿಂದ ನಮ್ಮನ್ನ ನೋಡಿದ್ಲು. ಹೇಳಬ್ಯಾಡ್ರಿ ಅನ್ನೂ ನೋಟ ಅದು.

ಹೊರಗ ಬಂದ ಮ್ಯಾಲ ನನ್ನ ಸೆರಗಿನ ತುದಿ ಹಿಡಕೊಂಡು ಅಂದ್ಲು. "ಆಯಿ, ಅವತ್ತ ನೀವಿಬ್ಬರೂ ಬರಬ್ಯಾಡ್ರಿ. ಮುತ್ಯಾನ ಗಾಡಿ ಸಪ್ಪಳ ನನಗ ಗೊತ್ತಾಗತೈತಿ. ಕೇಳಿದ್ರ ಮತ್ತ ಹಂಗ ಆಗತೈತಿ."

"ಬರಂಗಿಲ್ಲ," ಅಂದೆ.

"ನಿನ್ನಾಣಿ?"

"ಬರಂಗಿಲ್ಲ ಅಂದೆನಲ್ಲ."

"ಮನಿಗೆ ಕಳಿಸಿದ್ರ ಆಯಿ, ನಾ ಇನ್ನ ಸೈಕಲ್ ಮುಟ್ಟಂಗಿಲ್ಲ. ಅದನ್ನ ನೋಡಂಗೂ ಇಲ್ಲ." ಅಕಿ ಅಂದದ್ದು ಅಷ್ಟ, ಧ್ವನಿ ಏರಿಸಲಿಲ್ಲ. ಹೊಲದಾಗ ಕಿವಿ ಮುಚಗೊಂಡು ಕುಂತ ಕೂಸಿನ ಮಾರಿ ಹ್ಯಾಂಗಿತ್ತು ಅಂತ ಮಂದಿ ಹೇಳಿದ್ರೋ, ಹಂಗ ಇತ್ತು ಅಕಿ ಮಾರಿ.

ಆ ದಿನ ಮುಂಜಾನೆ ನಾ ಎದ್ದು ಜಳಕ ಮಾಡಿ ಮಡಿ ಸೀರಿ ಉಟಗೊಂಡೆ. ಮುತ್ಯಾ ಗಾಡಿ ಒರಸಾಕ ಹತ್ತಿದ್ರು.

"ಎಲ್ಲಿಗೆ ಹೊಂಟೀರಿ?" ಅಂದೆ.

"ಬಾದಾಮಿಗೆ. ನೂಲು ಮುಟ್ಟಿಸೂದೈತಿ. ನೀ ಎಲ್ಲಿಗೆ?"

"ಬನಶಂಕರಿಗೆ. ಹರಕಿ ಐತಿ."

"ಯಾವಾಗ ಹೊತ್ತಿದ್ದಿ?"

"ಈಗ. ನೂಲು ಎಲ್ಲೈತಿ?"

ಗಾಡಿಯೊಳಗ ನೂಲಿನ ಒಂದು ಎಳಿ ಇರಲಿಲ್ಲ. ಅವರು ನನ್ನ ನೋಡಿದ್ರು, ನಾ ಅವರನ್ನ ನೋಡಿದೆ. "ಹತ್ತು," ಅಂದ್ರು. ಮಗ್ಗದ ಮನಿಯೊಳಗ ಸಪ್ಪಳ ನಡದಿತ್ತು. ಸೊಸಿಗೆ ಏನೂ ಹೇಳಲಿಲ್ಲ, ಅಕಿ ಕೇಳಲೂ ಇಲ್ಲ. ಆದ್ರ ನಾವು ಬಾಗಲ ದಾಟೂವಾಗ ಸಪ್ಪಳ ಜೋರಾತು.

ಹಿಂದ ಬರಬ್ಯಾಡ್ರಿ ಅಂದಿದ್ಲಲ್ಲ, ನಾವು ಹಿಂದ ಹೋಗಲಿಲ್ಲ. ಮುಂಚಿತ ಹೋಗಿ ನಿಂತರ ಆತು ಅಂತ ಮುತ್ಯಾನ ಲೆಕ್ಕ. ಆಣಿ ಮುರದಂಗ ಆಗಲಿಲ್ಲ, ಬಿಟ್ಟಂಗೂ ಆಗಲಿಲ್ಲ. ಬಾದಾಮಿಯೊಳಗ ಕೆಂಪು ಗುಡ್ಡಕ್ಕ ಬಿಸಲು ಹತ್ತಿತ್ತು, ಮಂಗ್ಯಾಗಳು ಗ್ವಾಡಿ ಮ್ಯಾಲ ಕುಂತು ಮೈ ಕಾಸಿಕೊಳ್ಳತಿದ್ದವು. ಎಷ್ಟು ವರ್ಷ ಆಗಿತ್ತು ಅಲ್ಲಿಂದ ಮುಂದ ಹೋಗಿ. ಊರು ದಾಟಿದ ಮ್ಯಾಲ ಮುತ್ಯಾ ಗಾಡಿ ಎಷ್ಟು ಸಾವಕಾಶ ಮಾಡಿದ್ರಂದ್ರ ಎತ್ತಿನ ಬಂಡಿ ನಮ್ಮನ್ನ ದಾಟಿ ಹೋತು.

ಇಳಿಜಾರಿನ ಮ್ಯಾಲ ಒಂದು ತಗಡಿನ ಚಾ ಅಂಗಡಿ. ಅದರ ಹಿಂದ ಗಾಡಿ ಮರಿ ಮಾಡಿ ನಿಲ್ಲಿಸಿ ಇಳದ್ವಿ. ಇಳದ ಮ್ಯಾಲ ನಮಗ ದಿಕ್ಕು ತಪ್ಪಿದಂಗ ಆತು. ರೋಡು ಅಗಲ ಮಾಡ್ಯಾರ. ಗಿಡ ಕಡದಾರ. ಹೊಲದ ಬದುವು ಇಲ್ಲ, ಮೋರಿ ಇಲ್ಲ, ಏನೂ ಹಳೇದು ಉಳದಿಲ್ಲ.

"ಇಲ್ಲೇ," ಅಂದ್ರು ಮುತ್ಯಾ.

"ಅಲ್ಲ. ಅಲ್ಲಿ ಕೆಳಗ. ಬೇವಿನ ಗಿಡ ಇತ್ತು ಅಂತಿದ್ರು."

"ಗಿಡ ಇತ್ತು ಅಂದದ್ದು ಯಾರು? ನಾ ಪೊಲೀಸರ ಕೂಡ ಬಂದಿದ್ದೆ. ನೀ ಬಂದಿದ್ದೇನು?"

"ನಾ ಬರಲಿಲ್ಲ. ಆದ್ರ ಕೂಸು ಬಿದ್ದ ಹೊಲ ಕೆಳಗ ಐತಿ. ಇಲ್ಲಿ ಹೊಲ ಎಲ್ಲೈತಿ? ಬರೇ ಕಲ್ಲು."

ನಮ್ಮ ಮಗ ಸತ್ತ ಜಾಗಾ ಯಾವುದು ಅಂತ ರೋಡಿನ ಬಾಜೂಕ ನಿಂತು ಇಬ್ಬರೂ ಜಗಳಾಡಿದ್ವಿ. ಚಾ ಅಂಗಡಿಯವ ಕಪ್ಪು ತೊಳಕೋತ ನೋಡಾಕ ಹತ್ತಿದ್ದ. ಯಾವುದೋ ಹೊಲದ ಹದ್ದು ಜಗಳ ಅಂತ ತಿಳದಿರಬೇಕು, "ಸರ್ವೇದವರನ್ನ ಕರಸ್ರಿ ಅಜ್ಜಾರ, ಬಾಯಿಲೆ ಬಗೀ ಹರಿಯಂಗಿಲ್ಲ," ಅಂದ. ನಾ ಕೆಳಗ ಹೋಗಿ ನನ್ನ ಜಾಗಾದಾಗ ಕುಂತೆ. ಅವರು ಮ್ಯಾಲ ಅವರ ಜಾಗಾದಾಗ. ಅವರು ಹೇಳಿದ್ದು ಖರೆ ಇರಬಹುದು. ನನಗ ನಂದ ಖರೆ.

ನೆಲಾ ಕೈಯಿಂದ ಮುಟ್ಟಿ ನೋಡಿದೆ. ಬರೇ ಡಾಂಬರು. ಎಂಥಾದರೂ ಒಂದು ಗುರುತು ಇರತೈತಿ ಅಂತ ಇಷ್ಟು ವರ್ಷ ಮನಸಿನ್ಯಾಗ ಇತ್ತು ನನಗ. ಗುರುತು ಇದ್ರ ನೋಡಾಕ ಆಗಂಗಿಲ್ಲ ಅಂತ ಈ ದಾರಿ ಬಿಟ್ಟಿದ್ದೆ. ಇಲ್ಲಿ ಏನೂ ಇಲ್ಲ ಅಂತ ಗೊತ್ತಾದ್ದು ಇನ್ನೂ ಕೆಟ್ಟ ಅನಿಸ್ತು. ಒಬ್ಬ ಮನಷ್ಯಾನ್ನ ನುಂಗಿ ಮ್ಯಾಲ ಎರಡು ಸಲ ಡಾಂಬರು ಹಾಕಿಕೊಂಡು ಮಲಗೇತಿ ರೋಡು.

ಬಿಸಲು ಏರಿತು. ಲಾರಿ ಬರತಿದ್ದವು, ಹೋಗತಿದ್ದವು. ಒಂದೊಂದು ಬಂದಾಗ ನೆಲ ನಡಗೂದು ಕುಂತಲ್ಲಿಗೆ ಗೊತ್ತಾಗತಿತ್ತು. ಆಮ್ಯಾಲ ಮುತ್ಯಾ ಮ್ಯಾಲಿಂದ ಚೀರಿದ್ರು, "ಬಂದ್ರು!" ನಾ ಎದ್ದೆ. ಕಾಲು ಜೋಮು ಹಿಡದಿತ್ತು. ಅವರು ಓಡಕೋತ ಇಳದು ನನ್ನ ಕಡೆ ಬಂದ್ರು, ಈ ವಯಸ್ಸಿನ್ಯಾಗ, ಚಪ್ಪಲಿ ಕೈಯಾಗ ಹಿಡಕೊಂಡು.

ಇಳಿಜಾರಿನ ತುದಿಗೆ ಸೈಕಲ್‌ಗಳು ಕಂಡವು. ನಾಲ್ಕೋ ಐದೋ, ಒಂದಕ್ಕೊಂದು ಹತ್ತಿ, ಹಗ್ಗಕ್ಕ ಪೋಣಿಸಿದಂಗ. ನಡುವಿನಾಕಿ ನಮ್ಮಾಕಿ. ಟೊಪ್ಪಿಗಿ ಒಳಗ ಮಾರಿ ಕಾಣತಿರಲಿಲ್ಲ, ಆದ್ರ ಮೊಣಕೈ ನನಗ ಗೊತ್ತಾತು, ಅವರಪ್ಪಂದು ಹಂಗ ಹೊರಗ ಚಾಚಿದ ಮೊಣಕೈ. ಅವರ ಬೆನ್ನಿಗೆ ತುದಿ ಏರಿ ಬಂತು ಲಾರಿ. ಕಲ್ಲಿಂದು. ಕೆಂಪು ಕಲ್ಲು, ಸರಪಳಿ ಹಾಕಿ ಬಿಗದದ್ದು.

ಕೋಲು ಮನಿಯೊಳಗ ಬಿಟ್ಟು ಬಂದಿದ್ದೆ. ಆದ್ರ ಮೈಮ್ಯಾಲ ಉಟ್ಟ ಸೀರಿದು ಕೆಂಪು ಸೆರಗು ಇತ್ತು. ಕೈ ತಾನ ಹೆಗಲಿಗೆ ಹೋತು, ಸೆರಗು ಎಳದು ಹಿಡದೆ, ರೋಡಿಗೆ ಒಂದು ಕಾಲು ಇಟ್ಟೆ. ಮುತ್ಯಾ ನನ್ನ ರಟ್ಟಿ ಹಿಡದ್ರು. ನೋವಾಗುವಂಗ ಹಿಡದ್ರು.

"ಬೀಸಬ್ಯಾಡ."

"ಲಾರಿ ನೋಡ್ರಿ—"

"ನೋಡೀನಿ. ನೀ ಕೆಂಪು ತೋರಿಸಿದ್ರ ಲಾರಿ ಬ್ರೇಕ್ ಹಿಡೀತೈತಿ. ಆ ಸಪ್ಪಳಕ್ಕ ಅಕಿನೂ ಹಿಡೀತಾಳ. ಹಿಂದ ಎರಡು ಮಂದಿ ಮಕ್ಕಳದಾರ. ಬೀಸಬ್ಯಾಡ."

ಲಾರಿ ಹಾರ್ನ್ ಹೊಡೀತು. ಇಳಿಜಾರಿನ್ಯಾಗ ಅದರ ಓಟ ಏರಾಕ ಹತ್ತಿತು. ಮಗ ಹುಟ್ಟೂವಾಗ ಎಂಥಾ ಬ್ಯಾನಿ ತಿಂದೆ, ಮಗ ಸತ್ತಾಗ ಎಂಥಾದು ತಿಂದೆ, ಆ ಎರಡರಾಗೂ ಕೈ ಹಿಂಗ ಸುಮ್ಮನ ಇಟಗೊಂಡು ನಿಂತಿರಲಿಲ್ಲ ನಾ. ಸೆರಗು ಮಡಚಿ ಬಗಲಾಗ ಒತ್ತಿ ಹಿಡದೆ. ಕೆಂಪು ಒಂದು ಎಳಿನೂ ಹೊರಗ ಕಾಣಬಾರದು. ಕಣ್ಣು ಮುಚ್ಚಬೇಕು ಅನ್ನಿಸ್ತು, ಮುಚ್ಚಲಿಲ್ಲ.

ಇಷ್ಟು ವರ್ಷ ಅಕಿಗೆ ಬೆನ್ನು ಮಾಡಿ ಕುಂತಾಕಿ ನಾ. ಅಕಿ ಜೋರಲೆ ಸೈಕಲ್ ತುಳಿಯೂದು ಎದುರು ನಿಂತು ನಾ ನೋಡಿದ್ದು ಅವತ್ತ ಮೊದಲ. ಏನ ತುಳಿತ ಅದು! ಎದಿ ಹ್ಯಾಂಡಲ್ಲಿಗೆ ಹತ್ತಿತ್ತು, ಕಾಲು ಕಾಣತಿರಲಿಲ್ಲ. ಲಾರಿ ಅವರ ಬಾಜೂಕ ಬಂತು. ಅಕಿ ಮೈ ಒಂದು ಸಲ ನಡಗಿತು, ಖರೆ, ನಾ ನೋಡಿದೆ, ಬೆನ್ನಿನ ಮ್ಯಾಲ ಗಾಳಿ ಹಾದಂಗ. ಬೆರಳು ಬ್ರೇಕಿನ ಮ್ಯಾಲ ಇದ್ದವು. ಬೆರಳು ಇದ್ದವು, ಮಡಚಲಿಲ್ಲ. ಬಾಯಿ ತೆರದಿತ್ತು, ಏನೋ ಚೀರತಿದ್ಲು. ಚೀರಕೋತ, ತುಳಕೋತ ನಮ್ಮ ಮುಂದ ಹಾದು ಹೋದ್ಲು. ನಮ್ಮನ್ನ ನೋಡಲಿಲ್ಲ. ಲಾರಿ ಗಾಳಿಗೆ ನನ್ನ ಸೀರಿ ಹಾರಿ ಮಾರಿಗೆ ಬಡೀತು. ತೆಗದು ನೋಡೂದರಾಗ ಲಾರಿನೂ ಇಲ್ಲ, ಸೈಕಲ್ಲೂ ಇಲ್ಲ, ಕೆಳಗ ಕ್ರಾಸಿನ ಕಡೆ ಬಿಸಲು ಅಷ್ಟ ಕುಣಿಯಾಕ ಹತ್ತಿತ್ತು.

ಹಿಂದಿಂದ ಕೋಚ್ ಸರ್ ಜೀಪು ಬಂತು. ನಮ್ಮನ್ನ ನೋಡಿ ನಿಂತುಬಿಡ್ತು.

"ಅಜ್ಜಾರ! ನಾ ಏನ ಹೇಳಿದ್ದೆ ನಿಮಗ?"

"ಚಾ ಕುಡಿಯಾಕ ಬಂದಿದ್ವಿರಿ ಸರ್," ಅಂದ್ರು ಮುತ್ಯಾ. ಚಪ್ಪಲಿ ಇನ್ನೂ ಕೈಯಾಗ ಇದ್ದವು.

"ಇಳಕಲ್ಲದಿಂದ ಇಲ್ಲಿಗೆ?"

"ಛಲೋ ಮಾಡತಾರ್ರಿ ಚಾ."

ಸರ್ ನಗೂದು ತಡಕೊಂಡ್ರು. "ನಾ ತುದಿ ಹಿಂದ ಇದ್ದೆ, ನನಗ ಕಾಣಲಿಲ್ಲ. ಹಿಡದ್ಲೇನು?"

"ಹಿಡೀಲಿಲ್ಲ," ಅಂದೆ ನಾ. ಮತ್ತ ಅಂದೆ, "ಹಿಡೀಲಿಲ್ರಿ ಯಪ್ಪಾ. ಹಿಡೀಲಿಲ್ಲ." ಅವರು ಗೇರ್ ಹಾಕಿ ಹೋದ ಮ್ಯಾ‌ಲೂ ರೋಡಿಗೆ ಹೇಳಾಕ ಹತ್ತಿದ್ದೆ.

ಮುತ್ಯಾ ನಂಬಲಿಲ್ಲ. ನಂಬಲಿಲ್ಲ ಅಂದ್ರ, ನಂಬಾಕ ಅಂಜಿದ್ರು. "ಸ್ವಲ್ಪಾದ್ರೂ ಹಿಡದಿರಬೇಕು. ಹಿಡದ್ರ ಟಾಯರ್ ಕರ್ರಗ ಉಜ್ಜಿರತೈತಿ," ಅಂತ ರೋಡಿನ ಅಂಚಿಗೆ ಬಗ್ಗಿ ನೋಡಕೋತ ಹೊಂಟ್ರು. ನಾನೂ ಬಗ್ಗಿದೆ. ಆಚಿಂದ ಈಚಿಗೆ, ಅವರು ಹೇಳೂ ಜಾಗಾದಿಂದ ನಾ ಹೇಳೂ ಜಾಗಾದ ತನಕ, ಇಬ್ಬರೂ ಕಳೇ ಆರಿಸಿದಂಗ ಒಂದೊಂದು ಗೇಣು ನೋಡಿದ್ವಿ. ಡಾಂಬರು ಸ್ವಚ್ಛ ಇತ್ತು. ಒಂದು ಕಡೆ ಮುತ್ಯಾ ನಿಂತು, ಅಲ್ಲೇ ಕುಕ್ಕರಗಾಲಿಲೆ ಕುಂತು, ಮಗ ಸತ್ತಾಗಿಂದ ನಾ ಕಾಣದಂಗ ಅಳಾಕ ಹತ್ತಿದ್ರು. ನನಗ ಅಳು ಬರಲಿಲ್ಲ. ನನಗ ನಗಿ ಬರಾಕ ಹತ್ತಿತ್ತು, ಹಲ್ಲಿಲ್ಲದ ಬಾಯಿ ಮುಚಗೊಂಡ್ರೂ ನಿಲ್ಲವಲ್ಲದು. ಮಗ ಸತ್ತ ರೋಡಿನ ಮ್ಯಾಲ ನಿಂತು ನಗೂ ತಾಯಿ ನೋಡಿದ್ರ ಮಂದಿ ಏನ ಅಂತಾರ ಅಂತ ವಿಚಾರ ಬಂತು. ಬಂದ್ರೂ ನಗಿ ನಿಲ್ಲಲಿಲ್ಲ.

ಒಂದು ಖಾಲಿ ಲಾರಿ ಬಂದು ನಮ್ಮ ಬಾಜೂಕ ಸಾವಕಾಶ ಆತು. ಡ್ರೈವರು ಕಿಡಕಿಯೊಳಗಿಂದ ಬಗ್ಗಿ, "ಏನ ಹುಡುಕತೀರಿ ಆಯಿ? ಏನರ ಕಳದೈತೇನು?" ಅಂದ.

"ಹುಡುಕಿದ್ದು ಸಿಗಲಿಲ್ಲೋ ಯಪ್ಪಾ," ಅಂದೆ. "ನೀ ಹೋಗು. ಸಾವಕಾಶ ಹೋಗು, ಮುಂದ ಮಕ್ಕಳದಾರ."